ಇಂಗ್ಲಿಷ್‌ನಲ್ಲಿ ಹೈಫನ್ ಎಲ್ಲಿ, ಡ್ಯಾಶ್ ಎಲ್ಲಿ?

ಆಫೀಸಿನ ಮೇಲ್‌ಗಳಲ್ಲಿ ಎಲ್ಲದಕ್ಕೂ ಒಂದೇ ಗೀಟು ಹಾಕಿದರೆ ತಪ್ಪಾ ಅಂತ ಕೇಳಿದ್ದೀರಿ. ಹೌದು, ತಪ್ಪೇ. ಹೈಫನ್ (-) ಪದಗಳನ್ನು ಅಂಟಿಸುವ ಗೋಂದು. ಡ್ಯಾಶ್ ವಾಕ್ಯದ ಮಧ್ಯೆ ತಡೆ ಹಾಕುತ್ತದೆ, ಇಲ್ಲವೇ ‘ಇಲ್ಲಿಂದ ಅಲ್ಲಿಗೆ’ ಎನ್ನುತ್ತದೆ.

ನಮ್ಮಲ್ಲಿ ‘ಹಿರಿದು’, ‘ಬಾಗಿಲು’ ಸೇರಿ ‘ಹೆಬ್ಬಾಗಿಲು’ ಆಗುತ್ತದಲ್ವಾ? ಹಾಗೆ ಬೆಸೆಯುವ ಕೆಲಸವನ್ನು ಇಂಗ್ಲಿಷ್‌ನಲ್ಲಿ ಎಷ್ಟೋ ಕಡೆ ಹೈಫನ್ ಮಾಡುತ್ತದೆ. ‘ಟೆನ್-ಇಯರ್-ಓಲ್ಡ್ ಬಸಸ್’ ಅಂದರೆ ಹತ್ತು ವರ್ಷ ಹಳೆಯ ಬಸ್‌ಗಳು. ಮೊದಲ ಹೈಫನ್ ತೆಗೆದು ‘ಟೆನ್ ಇಯರ್-ಓಲ್ಡ್ ಬಸಸ್’ ಅಂತ ಬರೆದರೆ ಒಂದು ವರ್ಷ ಹಳೆಯ ಹತ್ತು ಬಸ್‌ಗಳು! ಒಂದು ಪುಟ್ಟ ಗೀಟಿಗೆ ಬಸ್ಸಿನ ವಯಸ್ಸೇ ಬದಲಾಯಿತು. ಆದರೆ ‘ನ್ಯೂಲಿ ಬಿಲ್ಟ್ ಫ್ಲೈಓವರ್’ ಎನ್ನುವಾಗ ಹೈಫನ್ ಬೇಡ. ‘ನ್ಯೂಲಿ’ಯ ಕೊನೆಯ ‘ಲಿ’ಯೇ ಅದು ಮುಂದಿನ ಪದಕ್ಕೆ ಸೇರಿದ್ದು ಎಂದು ಹೇಳಿಬಿಡುತ್ತದೆ.

ಡ್ಯಾಶ್‌ನಲ್ಲಿ ಎರಡು ಬಗೆ. ಚಿಕ್ಕದು ಎನ್ ಡ್ಯಾಶ್ (–): ‘ಬೆಂಗಳೂರು–ಮೈಸೂರು’ ರೈಲು, ‘10–15’ ನಿಮಿಷ. ಉದ್ದದ್ದು ಎಮ್ ಡ್ಯಾಶ್ (—). ಮಾತಿನ ಮಧ್ಯೆ ಇನ್ನೊಂದು ಮಾತು ತೂರಿಸಲು ಅಮೆರಿಕದವರು ಜಾಸ್ತಿ ಇದನ್ನೇ ಬಳಸುತ್ತಾರೆ. ಬ್ರಿಟನ್‌ನಲ್ಲಿ ಅದೇ ಕೆಲಸಕ್ಕೆ ಆಚೀಚೆ ಜಾಗ ಬಿಟ್ಟು ಎನ್ ಡ್ಯಾಶ್ ಹಾಕುವವರೇ ಹೆಚ್ಚು. ಯಾವುದಾದರೂ ಸರಿ, ಈ ಕೆಲಸಕ್ಕೆ ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಗೊಂದಲಕ್ಕೆ ಕಾರಣ ಕೀಬೋರ್ಡ್. ಟೈಪ್‌ರೈಟರ್ ಕಾಲದಿಂದಲೂ ಅದರಲ್ಲಿ ಹೈಫನ್ ಕೀ ಒಂದೇ. ವಿಂಡೋಸ್‌ನಲ್ಲಿ ಆಲ್ಟ್ ಒತ್ತಿ ಹಿಡಿದು ಬಲಗಡೆಯ ನಂಬರ್ ಪ್ಯಾಡ್‌ನಲ್ಲಿ 0150 ಹೊಡೆದರೆ ಎನ್ ಡ್ಯಾಶ್, 0151 ಹೊಡೆದರೆ ಎಮ್ ಡ್ಯಾಶ್ ಬರುತ್ತದೆ.