ಆ್ಯಪ್ ಚೆನ್ನಾಗಿದೆ, ಮಾಡಿದವನು ಸರಿಯಿಲ್ಲ

ಪ್ರಶ್ನೆ: ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಹಲವು ವರ್ಷಗಳಿಂದ ಒಂದೇ ಡ್ರಾಯಿಂಗ್ ಆ್ಯಪ್ ಬಳಸುತ್ತಿದ್ದೇನೆ. ಅದಕ್ಕೆ ಪ್ರತಿ ವರ್ಷ ಚಂದಾ ಕಟ್ಟಬೇಕು. ಅದನ್ನು ಮಾಡಿದವನೇ ಕಂಪನಿಯ ಮಾಲೀಕ. ಈಚೆಗೆ ಒಂದು ಸಮುದಾಯದವರ ಬಗ್ಗೆ ಬಹಿರಂಗವಾಗಿ ತೀರಾ ಕೀಳಾಗಿ ಮಾತಾಡುತ್ತಿದ್ದಾನೆ. ನನ್ನ ಆಪ್ತ ಗೆಳತಿ ಅದೇ ಸಮುದಾಯದವಳು. "ಇನ್ನೂ ಅದನ್ನೇ ಬಳಸ್ತಿದ್ದೀಯಾ?" ಎಂದು ಕೇಳಿದಳು. ಏನು ಹೇಳಬೇಕೋ ತೋಚಲಿಲ್ಲ. ಬಿಟ್ಟರೆ ಕೆಲಸ ನಿಲ್ಲುತ್ತದೆ, ಬಳಸಿದರೆ ಮನಸ್ಸು ಚುಚ್ಚುತ್ತದೆ. ವಸ್ತು ಬೇರೆ, ಮನುಷ್ಯ ಬೇರೆ ಅಂದುಕೊಳ್ಳಬಹುದಾ?

ಉತ್ತರ: ಎಷ್ಟೋ ಸಲ ಹಾಗೆ ಅಂದುಕೊಳ್ಳಬಹುದು. ನಿಮ್ಮ ವಿಷಯದಲ್ಲಿ ಮಾತ್ರ ಪೂರ್ತಿ ಹಾಗೆ ಹೇಳಲಾರೆ. ಯಾಕೆ ಅಂತ ಹೇಳುತ್ತೇನೆ.

ಹ್ಯಾನ್ಸ್ ರೈಸರ್ ಎಂಬ ಪ್ರೋಗ್ರಾಮರ್, ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ತಂತ್ರಾಂಶವಾದ ಲಿನಕ್ಸ್‌ಗೆ ರೈಸರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಬರೆದಿದ್ದ. 2008ರಲ್ಲಿ, ಹೆಂಡತಿಯನ್ನು ಕೊಂದದ್ದು ಸಾಬೀತಾಗಿ ಜೈಲು ಸೇರಿದ. ಅವನ ಕೋಡ್ ಮಾತ್ರ ಲಿನಕ್ಸ್‌ನಲ್ಲಿ ಇನ್ನೂ ಎಷ್ಟೋ ವರ್ಷ ಇತ್ತು. ಕೊನೆಗೆ ತೆಗೆದದ್ದು 2025ರ ಆರಂಭದಲ್ಲಿ ಬಂದ 6.13 ಆವೃತ್ತಿಯಲ್ಲಿ, ಅದೂ ಹಳೆಯದಾಯಿತು, ನೋಡಿಕೊಳ್ಳುವವರಿಲ್ಲ ಎಂಬ ಕಾರಣಕ್ಕೆ. ಇದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅದು ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಕೋಡ್. ಬಳಸಿದವರಿಂದ ಅವನ ಕೈಗೆ ದುಡ್ಡು ಹೋಗುತ್ತಿರಲಿಲ್ಲ, ಸತ್ತವಳಿಗೆ ಇನ್ನಷ್ಟು ಅನ್ಯಾಯವೂ ಆಗುತ್ತಿರಲಿಲ್ಲ.

ಅಮೆರಿಕದ ಕಾರು ಕಂಪನಿ ಮಾಲೀಕ ಹೆನ್ರಿ ಫೋರ್ಡ್ ಕಥೆ ಹಾಗಲ್ಲ. ಕಾರು ಮಾರಿ ಬಂದ ದುಡ್ಡಲ್ಲಿ ಅವನು ಡಿಯರ್‌ಬಾರ್ನ್ ಇಂಡಿಪೆಂಡೆಂಟ್ ಎಂಬ ಪತ್ರಿಕೆ ಕೊಂಡುಕೊಂಡ. 1920ರಿಂದ ಅದರಲ್ಲಿ ಯಹೂದಿಗಳ ವಿರುದ್ಧ ವಾರವಾರವೂ ವಿಷ ಕಾರಿಸಿದ. ತನ್ನ ಕಾರು ಡೀಲರ್‌ಗಳ ಕೈಯಲ್ಲೇ ಆ ಪತ್ರಿಕೆಯನ್ನು ಮಾರಿಸಿದ. ಅನೇಕ ಯಹೂದಿಗಳು ಫೋರ್ಡ್ ಕಾರು ಕೊಳ್ಳುವುದನ್ನೇ ಬಿಟ್ಟರು. ಮಾನನಷ್ಟ ಮೊಕದ್ದಮೆಯೂ ಬಿತ್ತು. 1927ರಲ್ಲಿ ಅವನು ಕ್ಷಮೆ ಕೇಳಿದ, ಪತ್ರಿಕೆಯೂ ಮುಚ್ಚಿತು. ಅಲ್ಲಿ ಕಾರು ಬೇರೆ, ಮಾಲೀಕ ಬೇರೆ ಎನ್ನುವುದು ಹೇಗೆ ಸಾಧ್ಯ? ಕಾರಿನ ದುಡ್ಡೇ ಆ ಪತ್ರಿಕೆಯನ್ನು ಸಾಕುತ್ತಿತ್ತು.

ನಿಮ್ಮ ಆ್ಯಪ್ ಈ ಎರಡನೆಯದಕ್ಕೇ ಹತ್ತಿರ. ಮಾಲೀಕ ಬದುಕಿದ್ದಾನೆ, ಮಾತಾಡುತ್ತಲೇ ಇದ್ದಾನೆ, ನಿಮ್ಮ ಚಂದಾ ನೇರ ಅವನಿಗೇ ಹೋಗುತ್ತದೆ. ನೂರಾರು ಜನ ಕೆಲಸ ಮಾಡುವ ದೊಡ್ಡ ಕಂಪನಿಯಲ್ಲಿ ಯಾರೋ ಒಬ್ಬ ಕೆಟ್ಟವನಿದ್ದಾನೆ ಎಂದಿದ್ದರೆ ನಾನು ಇಷ್ಟು ಖಚಿತವಾಗಿ ಹೇಳುತ್ತಿರಲಿಲ್ಲ.

ಹಾಗಂತ ನಾಳೆಯೇ ಕೈಬಿಡಿ ಎನ್ನುವುದಿಲ್ಲ. ಈ ವರ್ಷದ ದುಡ್ಡು ಕಟ್ಟಿಯಾಗಿದೆ, ಅದನ್ನು ಧಾರಾಳವಾಗಿ ಬಳಸಿ. ಈವರೆಗೆ ಬರೆದ ಚಿತ್ರಗಳ ಬಗ್ಗೆಯೂ ಬೇಸರ ಬೇಡ, ಅವು ನಿಮ್ಮವು. ಆದರೆ ಚಂದಾ ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಇವತ್ತೇ ಆಫ್ ಮಾಡಿ. ಹಳೆಯ ಚಿತ್ರಗಳನ್ನು ಲೇಯರ್ ಸಮೇತ ಫೋಟೋಶಾಪ್‌ನ ಪಿಎಸ್‌ಡಿ ಫೈಲ್ ಆಗಿ ಉಳಿಸಲು ಆಗುತ್ತದಾ ನೋಡಿ, ಅದನ್ನು ಬೇರೆ ಎಷ್ಟೋ ಆ್ಯಪ್‌ಗಳು ತೆರೆಯುತ್ತವೆ. ನಿಮ್ಮ ಬ್ರಷ್‌ಗಳು ಬಹುಶಃ ಜೊತೆಗೆ ಬರಲಾರವು. ಆದ್ದರಿಂದ ಹೊಸ ಆ್ಯಪ್‌ನಲ್ಲಿ ಮೊದಲು ಚಿಕ್ಕ ಕೆಲಸವೊಂದನ್ನು ಮಾಡಿ ನೋಡಿ. ವರ್ಷದೊಳಗೆ ಕೈ ಕುದುರದಿದ್ದರೆ, ತಿಂಗಳ ಲೆಕ್ಕದ ಚಂದಾ ಇದ್ದರೆ, ಒಂದೆರಡು ತಿಂಗಳು ಕಟ್ಟಿ ಒಪ್ಪಿಕೊಂಡ ಪುಸ್ತಕ ಮುಗಿಸಿ. ಅನ್ನಕ್ಕೆ ಕಲ್ಲು ಹಾಕಿಕೊಳ್ಳಿ ಎಂದು ನಿಮ್ಮ ಗೆಳತಿಯೂ ಹೇಳಲಾರಳು. ಅಲ್ಲಿಯವರೆಗೆ ಬೇರೆಯವರಿಗೆ ಈ ಆ್ಯಪನ್ನು ಹೊಗಳಬೇಡಿ, ಅಷ್ಟು ಸಾಕು.

ಗೆಳತಿಯ ವಿಷಯವೇ ನನಗೆ ಜಾಸ್ತಿ ಮುಖ್ಯ ಅನಿಸಿತು. ಅವಳು ನಿಮ್ಮಿಂದ ಲೆಕ್ಕ ಕೇಳಿದ್ದಲ್ಲ. ತನ್ನವರನ್ನು ಒಬ್ಬ ಅಷ್ಟು ಹೀನಾಯವಾಗಿ ಆಡಿಕೊಂಡದ್ದು ನಿಮಗೂ ನೋಯಿಸಿತಾ ಅಂತ ಕೇಳಿದ್ದಿರಬೇಕು. ನೀವು ಸುಮ್ನಿದ್ದುಬಿಟ್ಟಿರಿ. ಆ್ಯಪ್ ಬದಲಾಯಿಸಿ ಆಮೇಲೆ ಹೇಳೋಣ ಎಂದು ಕಾಯಬೇಡಿ. ಈ ವಾರವೇ ಅವಳನ್ನು ಭೇಟಿ ಮಾಡಿ. "ಅವನು ಆಡಿದ್ದು ಕೇಳಿ ನನಗೂ ಸಂಕಟವಾಯ್ತು, ನೀನು ಕೇಳಿದಾಗ ಹೇಳೋಕೆ ಬಾಯಿ ಬರಲಿಲ್ಲ" ಅನ್ನಿ. ಚಂದಾ, ಫೈಲು, ಬ್ರಷ್ಷು ಎಲ್ಲ ಆಮೇಲೆ. ಅವಳೇ ಕೇಳಿದರೆ ಹೇಳಿ.