ಕೊಂದವರು ಯಾರು ಎಂದು ಬರೆಯಿರಿ

ನಮಸ್ಕಾರ.

ಯುರೋಪಿನ ಧಾರ್ಮಿಕ ಉಗ್ರವಾದ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ನೀವು ಕಳುಹಿಸಿದ 'ಬೆರೆಯದವರು' ಲೇಖನವನ್ನು ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವಂತೆ ಪ್ರಕಟಿಸಲಾರೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

ಆ ಪುಟದ ಮೊದಲ ಸಾಲು: "ವಲಸೆ ಬಂದವರು ಹೊಸ ನೆಲಕ್ಕೆ ಹೊಂದಿಕೊಳ್ಳಲಿಲ್ಲ; ಆದ್ದರಿಂದಲೇ 2004ರಲ್ಲಿ ಥಿಯೊ ವಾನ್ ಗಾಗ್ ಕೊಲೆಯಾಯಿತು." ಇಸ್ಲಾಮನ್ನು ಟೀಕಿಸುತ್ತಿದ್ದ ಈ ಡಚ್ ಚಿತ್ರನಿರ್ದೇಶಕನನ್ನು ಕೊಂದವನು ವಲಸೆ ಬಂದವನಲ್ಲ, ಆಮ್‌ಸ್ಟರ್‌ಡ್ಯಾಮಿನಲ್ಲೇ ಹುಟ್ಟಿದವನು. ಶವಕ್ಕೆ ಚಾಕುವಿನಿಂದ ಚುಚ್ಚಿಟ್ಟ ಬೆದರಿಕೆ ಪತ್ರವನ್ನೂ ಡಚ್ ಭಾಷೆಯಲ್ಲೇ ಬರೆದಿದ್ದ. ಅಲ್ಲಿನ ಶಾಲೆಯಲ್ಲಿ ಓದಿ, ಅಲ್ಲಿನ ಮಾತನ್ನೇ ಆಡಿ ಬೆಳೆದ ಹುಡುಗ ಹೀಗೇಕಾದ? ನೆದರ್‌ಲ್ಯಾಂಡ್ಸ್ ಇಂದಿಗೂ ತಲೆಕೆಡಿಸಿಕೊಂಡಿರುವ ಈ ಪ್ರಶ್ನೆಯನ್ನು ನೀವು ಕೇಳುವುದೇ ಇಲ್ಲ.

ಅದೇ ಪುಟದಲ್ಲಿ ಮುಂದೆ: "2015ರಲ್ಲಿ ಅವರು ಶಾರ್ಲಿ ಎಬ್ದೊ ಮೇಲೆ ದಾಳಿ ಮಾಡಿ 12 ಜನರನ್ನು ಕೊಂದರು." ಪ್ರವಾದಿ ಮುಹಮ್ಮದರ ವ್ಯಂಗ್ಯಚಿತ್ರಗಳನ್ನು ಪ್ರಕಟಿಸಿದ್ದ ಪ್ಯಾರಿಸ್‌ನ ವಿಡಂಬನಾ ಪತ್ರಿಕೆ ಅದು. ಆದರೆ ಅವರು ಎಂದರೆ ಯಾರು? ಹಿಂದಿನ ವಾಕ್ಯದಲ್ಲಿರುವುದು 'ಫ್ರಾನ್ಸಿನ ಮುಸ್ಲಿಮರು'. ಲಕ್ಷಾಂತರ ಜನರ ಕೈಗೆ ಬಂದೂಕು ಕೊಟ್ಟುಬಿಟ್ಟಿದ್ದೀರಿ! ದಾಳಿ ಮಾಡಿದವರು ಪ್ಯಾರಿಸ್‌ನಲ್ಲಿ ಹುಟ್ಟಿದ ಇಬ್ಬರು ಸಹೋದರರು. ಹೊರಗಿನ ಬೀದಿಯಲ್ಲಿ ಗುಂಡೇಟಿಗೆ ಬಿದ್ದ ಪೊಲೀಸ್ ಅಹ್ಮದ್ ಮೆರಾಬೆ ಮುಸ್ಲಿಂ. ಒಳಗೆ ಸತ್ತವರಲ್ಲಿ ಅಲ್ಜೀರಿಯಾದಲ್ಲಿ ಹುಟ್ಟಿದ ಮುಸ್ತಫಾ ಉರಾದ್ ಇದ್ದರು. ಆ ಪತ್ರಿಕೆಯ ಕರಡು ತಿದ್ದುವ ಕೆಲಸ ಅವರದು. ಎರಡು ದಿನಗಳ ನಂತರ ಯಹೂದಿ ಅಂಗಡಿಗೆ ಇನ್ನೊಬ್ಬ ಬಂದೂಕುಧಾರಿ ನುಗ್ಗಿದಾಗ, ಗ್ರಾಹಕರನ್ನು ನೆಲಮಾಳಿಗೆಯ ಶೀತಲ ಕೋಣೆಯಲ್ಲಿ ಬಚ್ಚಿಟ್ಟ ನೌಕರ ಲಸ್ಸಾನ ಬಾತಿಲಿ ಮಾಲಿ ದೇಶದಿಂದ ಬಂದ ಮುಸ್ಲಿಂ. ಈ ಮೂವರಲ್ಲಿ ಒಬ್ಬರ ಹೆಸರೂ ನಿಮ್ಮ ಲೇಖನದಲ್ಲಿಲ್ಲ.

ನಾನು ಉಪಸಂಪಾದಕನಾಗಿ ಸೇರಿದ ಪತ್ರಿಕೆಯಲ್ಲಿ, ಗಲಭೆಯ ವರದಿ ಬಂದ ರಾತ್ರಿಗಳಲ್ಲಿ ನಮ್ಮ ಹಿರಿಯರು ಕೆಂಪು ಮಸಿಯ ಪೆನ್ನು ಹಿಡಿದು ಕೂರುತ್ತಿದ್ದರು. ಕೋಮಿನ ಹೆಸರು ಕರ್ತೃವಾಗಿರುವ ಪ್ರತಿ ವಾಕ್ಯಕ್ಕೂ ಅಡಿಗೆರೆ ಬೀಳುತ್ತಿತ್ತು. ಎಷ್ಟು ಜನ, ಯಾವ ಬೀದಿ, ನೋಡಿದವರು ಯಾರು ಎಂದು ವರದಿಗಾರನಿಗೆ ಮತ್ತೆ ಫೋನ್ ಮಾಡಲು ನನ್ನನ್ನು ಕೂರಿಸುತ್ತಿದ್ದರು. ಉತ್ತರ ಬರದ ವಾಕ್ಯ ಅಚ್ಚಿಗೆ ಹೋಗುತ್ತಿರಲಿಲ್ಲ. ಮುದ್ರಣದವರು ಎಷ್ಟು ಗೊಣಗಿದರೂ ಅಷ್ಟೇ. ನಾನು ಕಲಿತ ಪತ್ರಿಕಾವೃತ್ತಿಯ ಬಹುಪಾಲು ಆ ಮೇಜಿನದು.

ನಾಲ್ಕನೆಯ ಪುಟದಲ್ಲಿ ಇನ್ನೊಂದು ತುದಿಗೆ ಹಾರುತ್ತೀರಿ: "ಕೊಲೆ ತಪ್ಪು, ಆದರೆ ಕೆಣಕಿದವರದೂ ಪಾಲಿದೆ." ಇದನ್ನು ನಾನು ಒಪ್ಪುವುದಿಲ್ಲ. ಆ ವ್ಯಂಗ್ಯಚಿತ್ರಗಳು ಹೇಸಿಗೆ ಎನಿಸಿದರೆ ಹಾಗೆಂದು ಬರೆಯಿರಿ, ಪ್ರಕಟಿಸುತ್ತೇನೆ. ಆದರೆ ಹೆಣದ ಪಕ್ಕದಲ್ಲಿ ನಿಂತು ಪಾಲು ಹಂಚಬೇಡಿ. 2020ರಲ್ಲಿ ಫ್ರಾನ್ಸಿನಲ್ಲಿ ಶಿರಚ್ಛೇದಕ್ಕೆ ಗುರಿಯಾದ ಶಿಕ್ಷಕ ಸಾಮ್ಯುಯೆಲ್ ಪಾಟಿ ಯಾರನ್ನು ಕೆಣಕಿದ್ದರು? ಅಭಿವ್ಯಕ್ತಿ ಸ್ವಾತಂತ್ರ್ಯದ ಪಾಠದಲ್ಲಿ ಆ ವ್ಯಂಗ್ಯಚಿತ್ರಗಳನ್ನು ತೋರಿಸಿದ್ದರು. ಅವರ ವಿರುದ್ಧ ಎದ್ದ ಗದ್ದಲಕ್ಕೆ ಮೂಲ, ಆ ದಿನ ತರಗತಿಯಲ್ಲೇ ಇರದಿದ್ದ ವಿದ್ಯಾರ್ಥಿನಿಯೊಬ್ಬಳ ಸುಳ್ಳು.

ಎಲ್ಲಿ ಗೆರೆ ಎಳೆಯಬೇಕು ಎಂಬ ಚರ್ಚೆ ನಿಮಗೆ ಬೇಕಿದ್ದರೆ ಡೆನ್ಮಾರ್ಕನ್ನು ನೋಡಿ. 2017ರಲ್ಲಿ ಧರ್ಮನಿಂದನೆಯ ಕಾನೂನನ್ನು ರದ್ದು ಮಾಡಿದ ದೇಶವೇ, ಕುರಾನ್ ಸುಡುವ ಪ್ರತಿಭಟನೆಗಳ ನಂತರ, 2023ರ ಡಿಸೆಂಬರ್‌ನಲ್ಲಿ ಧರ್ಮಗ್ರಂಥಗಳನ್ನು ಬಹಿರಂಗವಾಗಿ ಸುಡುವುದನ್ನು ಅಪರಾಧವಾಗಿಸಿತು. ಅದು ಸರಿಯೇ ಎಂದು ಸಂಸತ್ತಿನ ಒಳಗೂ ಹೊರಗೂ ಜಗಳವಾಡಿದರು. ಆ ಜಗಳದ ಎರಡೂ ಪಕ್ಷಗಳ ವಾದವನ್ನು ಓದಿ, ಈ ಎರಡು ಪುಟಗಳನ್ನು ಹೊಸದಾಗಿ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.