ಕಾಗದ ನೋಡಿ ಯಾವ ಪ್ರಿಂಟರ್‌ದು ಅಂತ ಹೇಳೋಕಾಗುತ್ತಾ?

ಆಗುತ್ತೆ, ಕಲರ್ ಲೇಸರ್ ಪ್ರಿಂಟರ್ ಆದ್ರೆ ಎಷ್ಟೋ ಸಲ ಸೀರಿಯಲ್ ನಂಬರ್ ಸಮೇತ. ಯಾಕಂದ್ರೆ ಖೋಟಾ ನೋಟು ತಡೆಯೋಕೆ ಅಂತ ಸುಮಾರು ಕಂಪನಿಗಳ ಮಿಷಿನ್ನು ಪ್ರತಿ ಹಾಳೆ ಮೇಲೂ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಚುಕ್ಕಿ ಹಾಕುತ್ತೆ, ನೀಲಿ ಎಲ್‌ಇಡಿ ಲೈಟ್ ಬಿಟ್ಟು ಭೂತಗನ್ನಡಿ ಹಿಡಿದ್ರೆ ಅವು ಕಪ್ಪಗೆ ಕಾಣುತ್ವೆ. 2005ರಲ್ಲಿ ಅಮೆರಿಕದಲ್ಲಿ ಡಿಜಿಟಲ್ ಹಕ್ಕುಗಳಿಗೆ ಹೋರಾಡೋ ಇಎಫ್‌ಎಫ್ ಅನ್ನೋ ಸಂಸ್ಥೆ ಜೆರಾಕ್ಸ್ ಡಾಕ್ಯುಕಲರ್ ಪ್ರಿಂಟರ್‌ನ ಚುಕ್ಕಿಗಳ ಗುಟ್ಟು ಬಿಡಿಸಿ ತೋರಿಸ್ತು, 15 ಕಾಲಂ 8 ಸಾಲಿನ ಚೌಕದಲ್ಲಿ ಪ್ರಿಂಟ್ ಆದ ತಾರೀಖು, ಟೈಮು, ಸೀರಿಯಲ್ ನಂಬರ್ ಎಲ್ಲಾ ಇತ್ತು. ಬಳಸೋರಿಗೆ ಹೇಳದೆ ಹೀಗೆ ಮಾಡೋದು ತಪ್ಪು ಅಂತಾನೇ ನನ್ನ ಅಭಿಪ್ರಾಯ. ಕಪ್ಪು ಬಿಳುಪು ಲೇಸರ್‌ನಲ್ಲಿ ಹಳದಿ ಚುಕ್ಕಿ ಬರಲ್ಲ, ಅಲ್ಲಿ ಡ್ರಮ್ (ಹಾಳೆಗೆ ಪುಡಿ ಶಾಯಿ ಅಂಟಿಸೋ ಉರುಳೆ) ಮೇಲಿನ ಗೀರಿನ ಗುರುತು ಹುಡುಕ್ತಾರೆ, ಡ್ರಮ್ ಸುತ್ತು ಹೊಡೆದಾಗಲೆಲ್ಲ ಅದೇ ಕಲೆ ಅಷ್ಟೇ ಅಂತರದಲ್ಲಿ ಮತ್ತೆ ಬೀಳುತ್ತೆ.